ಮೊಲದ ಹಿಮ್ಮಡಿ ಹುಣ್ಣು: ಮಳೆಗಾಲದ ಪ್ರಶ್ನೆಗಳಿಗೆ ಉತ್ತರ

ಮಳೆ ಹಿಡಿದ ಮೇಲೆ ಈ ಅಂಕಣಕ್ಕೆ ಬಂದಿರುವ ಪತ್ರಗಳಲ್ಲಿ ಮೊಲ ಸಾಕಿದವರವು ಹೆಚ್ಚು, ಅವುಗಳಲ್ಲಿಯೂ ಹಿಂಗಾಲಿನ ಹುಣ್ಣಿನ ಬಗೆಗಿನವೇ ಬಹುಪಾಲು. ಒಂದೇ ಕಾಯಿಲೆಯ ಬೇರೆ ಬೇರೆ ಹಂತಗಳನ್ನು ಓದುಗರು ವಿವರಿಸಿರುವುದರಿಂದ ಈ ಸಂಚಿಕೆಯ ಜಾಗವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಮೂರು ವರ್ಷದ ನ್ಯೂಜಿಲೆಂಡ್ ವೈಟ್ ಜಾತಿಯ ಗಂಡು ಮೊಲವಿದೆ. ಜಗಲಿಯ ಮೂಲೆಯಲ್ಲಿ ಕಬ್ಬಿಣದ ಬಲೆಯ ಪಂಜರದಲ್ಲಿ ಇಟ್ಟಿದ್ದೇವೆ. ಮಳೆ ಶುರುವಾದ ಮೇಲೆ ಎರಡೂ ಹಿಂಗಾಲಿನ ಹಿಮ್ಮಡಿಯ ಕೂದಲು ಉದುರಿ ಚರ್ಮ ಕೆಂಪಾಯಿತು. ಈಗ ಎಡಗಾಲಿನಲ್ಲಿ ಕಪ್ಪು ಹಕ್ಕಳೆ ಕಟ್ಟಿದೆ. ದನಕರುಗಳ ಗಾಯಕ್ಕೆ ಹಚ್ಚುವ ಮುಲಾಮು ಮನೆಯಲ್ಲಿತ್ತು, ಅದನ್ನೇ ಹಚ್ಚುತ್ತಿದ್ದೇವೆ. ಗುಣ ಕಾಣುತ್ತಿಲ್ಲ. ಮಳೆ ಕಡಿಮೆಯಾದ ಮೇಲೆ ತಾನಾಗಿಯೇ ವಾಸಿಯಾದೀತೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಆಗುವುದಿಲ್ಲ. ಪಂಜರದ ತಳ ಈಗಿರುವಂತೆಯೇ ಇರುವವರೆಗೆ ಯಾವ ಮುಲಾಮು ಹಚ್ಚಿದರೂ ಈ ಹುಣ್ಣು ಮಾಯುವುದಿಲ್ಲ. ಏಕೆಂದರೆ ಗಾಯ ಕಾಲಿನಲ್ಲಿದ್ದರೂ ಅದರ ಕಾರಣ ನೆಲದಲ್ಲಿದೆ, ಮತ್ತು ಆ ಕಾರಣ ಹಗಲೂ ರಾತ್ರಿಯೂ ಅದೇ ಜಾಗವನ್ನು ಒತ್ತುತ್ತಲೇ ಇದೆ.

ಇದು ಹೇಗೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಾಯಿ, ಬೆಕ್ಕುಗಳ ಪಾದದಡಿಯಲ್ಲಿ ಇರುವ ದಪ್ಪ ಮೆತ್ತೆ ಮೊಲಕ್ಕೆ ಇಲ್ಲ. ಅದರ ಅಂಗಾಲನ್ನು ಕಾಪಾಡುವುದು ದಟ್ಟವಾದ ಕೂದಲು ಮಾತ್ರ. ಆ ಕೂದಲಿನ ಕೆಳಗಿನ ಚರ್ಮ ತೀರಾ ತೆಳ್ಳಗಿದ್ದು, ಹಿಮ್ಮಡಿಯ ಬಳಿ ಚರ್ಮಕ್ಕೂ ಮೂಳೆಗೂ ನಡುವೆ ಮಾಂಸವೇ ಇಲ್ಲವೆನ್ನಬಹುದು. ನಾವು ಸಾಕುವ ಮೊಲಗಳ ಮೂಲ ಯುರೋಪಿನ ಬಿಲ ತೋಡುವ ಮೊಲ. ನಮ್ಮ ಗದ್ದೆ ಬಯಲುಗಳಲ್ಲಿ ಕಾಣುವ ಕಾಡುಮೊಲ ಬೇರೆಯೇ ಪ್ರಾಣಿ. ಹುಲ್ಲು ಬೆಳೆದ ಮೆದು ಮಣ್ಣಿನ ಮೇಲೆ ಕುಳಿತಾಗ ಆ ಮೊಲದ ಉಗುರುಗಳು ಮಣ್ಣಿನೊಳಗೆ ಇಳಿಯುತ್ತವೆ, ಭಾರ ಬೆರಳುಗಳಿಗೂ ಪಾದಕ್ಕೂ ಹಂಚಿಹೋಗುತ್ತದೆ. ತಂತಿ ಬಲೆಯ ಮೇಲೆ ಅಥವಾ ಗಟ್ಟಿ ನೆಲದ ಮೇಲೆ ಉಗುರು ಇಳಿಯುವಂತಿಲ್ಲವಾದ್ದರಿಂದ ಬೆರಳುಗಳು ಮೇಲಕ್ಕೆ ಏಳುತ್ತವೆ, ದೇಹದ ಭಾರವೆಲ್ಲ ಹಿಂದಕ್ಕೆ ಸರಿದು ಹಿಮ್ಮಡಿಯ ಒಂದು ಸಣ್ಣ ಭಾಗದ ಮೇಲೆ ಬೀಳುತ್ತದೆ. ಹಾಗೆ ಒತ್ತಿಹೋದ ಜಾಗಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಮೊದಲು ಕೂದಲು ಸವೆಯುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಕೊನೆಗೆ ಚರ್ಮವೇ ಸತ್ತು ಒಡೆಯುತ್ತದೆ. ಹಾಸಿಗೆ ಹಿಡಿದ ರೋಗಿಗಳ ಬೆನ್ನಿನಲ್ಲಿ ಏಳುವ ಒತ್ತಡದ ಹುಣ್ಣು ಹುಟ್ಟುವ ಬಗೆಯೂ ಇದೇ. ಚರ್ಮ ಒಡೆದ ಮೇಲೆ ಸ್ಟೆಫೈಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಒಳಹೊಕ್ಕು ನಂಜಾಗುತ್ತದೆ.

ಮಳೆಗಾಲ ಇದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಂಥ ಊರು ನಿಮ್ಮ ತಾಲ್ಲೂಕಿನಲ್ಲೇ ಇದೆ; ಇರಚಲು ಹೊಡೆಯುವ ಜಗಲಿಯಲ್ಲಿ ಇಟ್ಟ ಪಂಜರ ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ನೀರಿನ ತೇವಕ್ಕೆ ಮೂತ್ರವೂ ಸೇರಿದಾಗ ಚರ್ಮ ನೆನೆದು ಮೆತ್ತಗಾಗುತ್ತದೆ, ಹಾಗೆ ಮೆತ್ತಗಾದ ಚರ್ಮ ಒಣ ಚರ್ಮಕ್ಕಿಂತ ಬೇಗ ಒಡೆಯುತ್ತದೆ. ನಿಮ್ಮ ಮೊಲ ನಾಲ್ಕೈದು ಕಿಲೋ ತೂಗುವ ದೊಡ್ಡ ಜಾತಿಯದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಏಕೆಂದರೆ ಭಾರ ಹೆಚ್ಚಿದಷ್ಟೂ ಹಿಮ್ಮಡಿಯ ಮೇಲಿನ ಒತ್ತಡ ಹೆಚ್ಚು.

ಆದ್ದರಿಂದ ಮೊದಲ ಕೆಲಸವೆಂದರೆ ಇವತ್ತೇ ಮೊಲವನ್ನು ಆ ಬಲೆಯ ಮೇಲಿನಿಂದ ಎತ್ತುವುದು. ಒಳಮನೆಯಲ್ಲಿ, ಗಾಳಿಯಾಡುವ ಆದರೆ ಇರಚಲು ಬಾರದ ಜಾಗದಲ್ಲಿ, ನೆಲದ ಮೇಲೆ ಮೊದಲು ಹಳೆಯ ಕಂಬಳಿಯನ್ನು ಮಡಿಸಿ ಹಾಸಿ, ಅದರ ಮೇಲೆ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹರಡಿ. ಮೊಲ ಬಟ್ಟೆಯನ್ನು ಕಚ್ಚಿ ನುಂಗುತ್ತದೆಯೇ ಎಂದು ಮೊದಲ ದಿನ ಕಾದು ನೋಡಿ. ನುಂಗುವ ಅಭ್ಯಾಸವಿದ್ದರೆ ಬಟ್ಟೆ ಬೇಡ, ಮೂರು ನಾಲ್ಕು ಅಂಗುಲ ದಪ್ಪಕ್ಕೆ ಒಣ ಹುಲ್ಲು ಹಾಸಿ. ಪಂಜರವನ್ನೇ ಬಳಸಬೇಕಾದ ಅನಿವಾರ್ಯವಿದ್ದರೆ ಬಲೆಯ ತಳವನ್ನು ಪೂರ್ತಿಯಾಗಿ ಹಲಗೆಯಿಂದ ಮುಚ್ಚಿ, ಅದರ ಮೇಲೆ ಇದೇ ಹಾಸನ್ನು ಹಾಕಿ. ಮೂಲೆಯಲ್ಲೊಂದು ಹಲಗೆ ತುಂಡು ಇಟ್ಟು ಉಳಿದ ಬಲೆಯನ್ನು ಹಾಗೆಯೇ ಬಿಡುವುದು ಸಾಲದು.

ಎರಡನೆಯ ಕೆಲಸ, ಕಾಲನ್ನು ಸರಿಯಾಗಿ ನೋಡುವುದು. ಮೊಲವನ್ನು ಮೇಜಿನ ಮೇಲಿಟ್ಟು ನೋಡಬೇಡಿ, ನೆಲದ ಮೇಲೆ ಕುಳಿತು ತೊಡೆಯ ಮೇಲಿರಿಸಿಕೊಳ್ಳಿ. ಅದರ ಬೆನ್ನು ನಿಮ್ಮ ಹೊಟ್ಟೆಗೆ ಆತುಕೊಂಡಿರಲಿ, ಒಂದು ಕೈ ಎದೆಯ ಕೆಳಗೂ ಇನ್ನೊಂದು ಕೈ ಪೃಷ್ಠದ ಕೆಳಗೂ ಇರಲಿ, ಮನೆಯ ಮತ್ತೊಬ್ಬರು ಹಿಂಗಾಲನ್ನು ನಿಧಾನವಾಗಿ ಮುಂದಕ್ಕೆ ತೆಗೆದು ನೋಡಲಿ. ಪೃಷ್ಠಕ್ಕೆ ಆಧಾರವಿಲ್ಲದೆ ಎತ್ತಿದಾಗ ಮೊಲ ಹಿಂಗಾಲನ್ನು ಜೋರಾಗಿ ಒದೆದುಕೊಳ್ಳುತ್ತದೆ. ಆ ಒದೆತಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಹಿಮ್ಮಡಿಯ ಸುತ್ತಲಿನ ಕೂದಲನ್ನು ಬೆರಳಿನಿಂದ ಎರಡು ಕಡೆಗೆ ಸರಿಸಿದರೆ ಮೊದಲು ಮೂತ್ರದಿಂದ ಹಳದಿಯಾಗಿ ಒಂದಕ್ಕೊಂದು ಅಂಟಿಕೊಂಡ ಕೂದಲು ಕಾಣುತ್ತದೆ, ಅದರಾಚೆ ಹೊಳೆಯುವ ಕೆಂಪು ಚರ್ಮ, ನಡುವೆ ಹಕ್ಕಳೆ. ಹಕ್ಕಳೆಯನ್ನು ಕೀಳಬಾರದು. ಸುತ್ತಲಿನ ಕೂದಲನ್ನು ಕತ್ತರಿಸಲೂಬಾರದು, ಏಕೆಂದರೆ ಉಳಿದಿರುವ ರಕ್ಷಣೆ ಅಷ್ಟೇ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ, ಆ ನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಗಾಯದ ಸುತ್ತಲಿನ ಕೊಳೆಯನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಆಮೇಲೆ ಒಣ ಬಟ್ಟೆಯಿಂದ ಒತ್ತಿ ಪೂರ್ತಿಯಾಗಿ ಆರಿಸುವುದು ತೊಳೆಯುವುದಕ್ಕಿಂತಲೂ ಮುಖ್ಯ. ದನದ ಮುಲಾಮನ್ನು ನಿಲ್ಲಿಸಿ; ಮೊಲ ತನ್ನ ಕಾಲನ್ನು ದಿನಕ್ಕೆ ಹತ್ತಾರು ಸಲ ನೆಕ್ಕುತ್ತದೆ, ಕಾಲಿಗೆ ಹಚ್ಚಿದ್ದು ಹೊಟ್ಟೆಗೆ ಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ತುರಿಕೆಗೆಂದು ಕೊಡುವ ಸ್ಟಿರಾಯ್ಡ್ ಬೆರೆತ ಮುಲಾಮುಗಳಂತೂ ಗಾಯ ಮಾಯುವುದನ್ನೇ ತಡೆಯುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿನವನ್ನು ಹಚ್ಚಬಹುದೇ ಎಂದು ಬೇರೆ ಪತ್ರಗಳಲ್ಲಿಯೂ ಕೇಳಿದ್ದಾರೆ. ಎಣ್ಣೆ ಕೂದಲನ್ನು ಮುದ್ದೆ ಮಾಡಿ ಕಸಕ್ಕೆ ಅಂಟು ಕೊಡುತ್ತದೆ, ಅರಿಶಿನದ ಬಣ್ಣದಲ್ಲಿ ಚರ್ಮದ ಕೆಂಪು ಹೆಚ್ಚಿತೋ ಕಡಿಮೆಯಾಯಿತೋ ತಿಳಿಯುವುದಿಲ್ಲ. ಆದ್ದರಿಂದ ಬೇಡವೆಂದೇ ಹೇಳುತ್ತೇನೆ.

ಹಕ್ಕಳೆ ಕಟ್ಟಿರುವುದೆಂದರೆ ಚರ್ಮ ಈಗಾಗಲೇ ಒಡೆದಿದೆ ಎಂದು ಅರ್ಥ. ಅದಕ್ಕಾಗಿ ಇದೇ ವಾರ ಪಶುವೈದ್ಯರಿಗೆ ತೋರಿಸಿ. ನೋವಿಗೆ ಔಷಧಿ ಬೇಕಾಗುತ್ತದೆ, ಪಟ್ಟಿ ಕಟ್ಟಬೇಕೋ ಬೇಡವೋ ಎಂಬುದನ್ನು ಅವರೇ ನಿರ್ಧರಿಸಬೇಕು. ಮನೆಯಲ್ಲಿ ಬಿಗಿಯಾಗಿ ಕಟ್ಟಿದ ಪಟ್ಟಿ ರಕ್ತದ ಓಟವನ್ನು ನಿಲ್ಲಿಸುತ್ತದೆ, ಮೂತ್ರದಲ್ಲಿ ನೆನೆದ ಪಟ್ಟಿ ಬರಿಗಾಲಿಗಿಂತ ಹೆಚ್ಚು ಕೇಡು ಮಾಡುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ನಿಮ್ಮ ಊರಿನ ವೈದ್ಯರಿಗೆ ಮೊಲದ ಚಿಕಿತ್ಸೆಯ ರೂಢಿ ಇಲ್ಲವಾದರೆ ಅವರ ಚೀಟಿ ಪಡೆದು ಅಲ್ಲಿಗೆ ಕರೆದೊಯ್ಯುವುದು ಒಳ್ಳೆಯದು.

ಪ್ರಶ್ನೆ: ನಮ್ಮದು ಶಿವಮೊಗ್ಗದಲ್ಲಿ ಅಪಾರ್ಟ್‌ಮೆಂಟ್. ರೆಕ್ಸ್ ಜಾತಿಯ ಹೆಣ್ಣು ಮೊಲವನ್ನು ಪಂಜರದಲ್ಲಿ ಕೂಡದೆ ಮನೆಯೊಳಗೇ ಬಿಟ್ಟು ಸಾಕಿದ್ದೇವೆ. ಎರಡೂ ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಬೋಳು ಜಾಗವಿದೆ. ಕೆಂಪಿಲ್ಲ, ನೋವಿದ್ದಂತೆಯೂ ಇಲ್ಲ. ಇದೂ ಹುಣ್ಣಿನ ಆರಂಭವೇ?
– ಓದುಗರು, ಶಿವಮೊಗ್ಗ

ಉತ್ತರ: ಚರ್ಮ ತೆಳು ಗುಲಾಬಿ ಅಥವಾ ಬೂದು ಬಣ್ಣದಲ್ಲಿದ್ದು, ಒಣಗಿದ್ದು, ಮುಟ್ಟಿದಾಗ ಮೊಲ ಕಾಲನ್ನು ಎಳೆದುಕೊಳ್ಳದಿದ್ದರೆ ಗಾಬರಿಪಡಬೇಕಾಗಿಲ್ಲ. ಅಂಥ ಸಣ್ಣ ಜಡ್ಡುಗಟ್ಟಿದ ಜಾಗ ಆರೋಗ್ಯವಾಗಿರುವ ಎಷ್ಟೋ ಮೊಲಗಳಲ್ಲಿ ಇರುತ್ತದೆ. ಆದರೆ ನಿಮ್ಮದು ರೆಕ್ಸ್. ಮಖಮಲ್ಲಿನಂಥ ಆ ತುಪ್ಪಳದಲ್ಲಿ ಬೇರೆ ಜಾತಿಗಳಿಗಿರುವ ಉದ್ದನೆಯ ಒರಟು ಕೂದಲು ಬೆಳೆಯುವುದಿಲ್ಲವಾದ್ದರಿಂದ ಅಂಗಾಲಿನ ರಕ್ಷಣೆಯೂ ಕಡಿಮೆ, ಈ ಕಾಯಿಲೆಗೆ ಬೇಗ ತುತ್ತಾಗುವ ಜಾತಿ ಅದು. ವಾರಕ್ಕೊಮ್ಮೆ ಹಗಲು ಬೆಳಕಿನಲ್ಲಿ ಎರಡೂ ಕಾಲಿನ ಫೋಟೊ ತೆಗೆದಿಡಿ. ಬೋಳು ಜಾಗ ಹಿಗ್ಗುತ್ತಿದೆಯೇ, ಬಣ್ಣ ಗಾಢವಾಗುತ್ತಿದೆಯೇ ಎಂಬುದು ನೆನಪಿಗಿಂತ ಫೋಟೊದಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ.

ನಯವಾದ ಟೈಲ್ಸ್ ನೆಲದ ತೊಂದರೆ ಎರಡು ಬಗೆಯದು. ಅದು ಗಟ್ಟಿ, ಜೊತೆಗೆ ಜಾರುತ್ತದೆ. ಜಾರುವ ಭಯಕ್ಕೆ ಮೊಲ ಓಡಾಡುವುದನ್ನು ಬಿಟ್ಟು ಒಂದೇ ಕಡೆ ಕುಳಿತಿರುತ್ತದೆ, ಕುಳಿತಷ್ಟೂ ಹಿಮ್ಮಡಿ ಒತ್ತುತ್ತದೆ, ಮೈಯೂ ಬೆಳೆಯುತ್ತದೆ. ಅದು ಸಾಮಾನ್ಯವಾಗಿ ಮಲಗುವ ಮತ್ತು ಓಡುವ ದಾರಿಯಲ್ಲಿ ದಪ್ಪನೆಯ ಮೆದು ಹಾಸು ಇರಲಿ. ಒರಟು ಕಾರ್ಪೆಟ್ ಬೇಡ. ತೆಂಗಿನ ನಾರಿನ ಕಾಲೊರಸು ಸುತರಾಂ ಬೇಡ, ಅದು ಕೂದಲನ್ನು ಉಜ್ಜಿ ಸವೆಸುತ್ತದೆ.

ಇನ್ನು ಉಗುರು. ಮನೆಯೊಳಗೆ ಬೆಳೆಯುವ ಮೊಲದ ಉಗುರು ಮಣ್ಣಿನಲ್ಲಿ ಸವೆಯುವ ಅವಕಾಶವಿಲ್ಲದೆ ಉದ್ದವಾಗುತ್ತದೆ, ಉದ್ದವಾದ ಉಗುರು ನೆಲಕ್ಕೆ ಒತ್ತಿ ಬೆರಳನ್ನು ಮೇಲಕ್ಕೆ ತಳ್ಳಿ ಭಾರವನ್ನು ಹಿಮ್ಮಡಿಗೆ ಕಳಿಸುತ್ತದೆ. ಹುಣ್ಣು ಬಂದ ಮೊಲಗಳನ್ನು ಪರೀಕ್ಷಿಸುವಾಗ ನಾನು ಮೊದಲು ಉಗುರು ನೋಡುವುದು ಇದಕ್ಕಾಗಿಯೇ. ನಾಲ್ಕರಿಂದ ಆರು ವಾರಕ್ಕೊಮ್ಮೆ ತುದಿಯನ್ನು ಮಾತ್ರ ಕತ್ತರಿಸಿ. ಬಿಳಿ ಉಗುರಿನಲ್ಲಿ ಒಳಗಿನ ರಕ್ತನಾಳ ಗುಲಾಬಿ ಗೆರೆಯಾಗಿ ಕಾಣುತ್ತದೆ. ಕಪ್ಪು ಉಗುರಾದರೆ ಹಿಂದಿನಿಂದ ಟಾರ್ಚ್ ಹಿಡಿದು ನೋಡಿ ಆ ಗೆರೆಗಿಂತ ಮುಂದೆ ಕತ್ತರಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಮೊಲದ ಗೂಡಿಗೆ ಏನು ಹಾಸಬೇಕೆಂದೇ ತಿಳಿಯುತ್ತಿಲ್ಲ. ನಮ್ಮಲ್ಲಿ ಭತ್ತದ ಹುಲ್ಲು, ಕರಡ, ದರಗು, ಅಡಿಕೆ ಹಾಳೆ, ಗೋಣಿಚೀಲ, ಸಾಮಿಲ್ಲಿನ ಹೊಟ್ಟು ಎಲ್ಲವೂ ಸಿಗುತ್ತವೆ. ಗೂಡನ್ನು ಅಡಿಕೆ ದಬ್ಬೆಯಲ್ಲಿ (ಅಡಿಕೆ ಮರದ ಸೀಳುಗಳಲ್ಲಿ) ಮಾಡಿದ್ದೇವೆ. ಇವುಗಳಲ್ಲಿ ಯಾವುದು ಮೊಲದ ಕಾಲಿಗೆ ಒಳ್ಳೆಯದು?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಇಷ್ಟು ಸ್ಪಷ್ಟವಾಗಿ ಕೇಳಿದ್ದಕ್ಕೆ ಸಂತೋಷವಾಯಿತು, ಹುಣ್ಣು ಆಗುವ ಮೊದಲೇ ಈ ಪ್ರಶ್ನೆ ಕೇಳುವವರು ಕಡಿಮೆ.

ನೀವು ಹೇಳಿದವುಗಳಲ್ಲಿ ಕರಡವೇ ಮೇಲು. ಬೇಸಿಗೆಯಲ್ಲಿ ಕೊಯ್ದು ಒಣಗಿಸಿಟ್ಟ ಈ ಬ್ಯಾಣದ (ಹುಲ್ಲುಗಾವಲಿನ) ಹುಲ್ಲು ಭತ್ತದ ಹುಲ್ಲಿಗಿಂತ ತೆಳ್ಳಗೂ ಮೆದುವಾಗಿಯೂ ಇರುತ್ತದೆ, ಮೊಲ ಅದನ್ನು ತಿಂದರೂ ಒಳ್ಳೆಯದೇ. ಭತ್ತದ ಹುಲ್ಲನ್ನೂ ಬಳಸಬಹುದು, ಆದರೆ ಬುಡದ ಗಟ್ಟಿ ಕಡ್ಡಿಗಳನ್ನು ಆರಿಸಿ ತೆಗೆದು, ಕೈಯಲ್ಲಿ ಚೆನ್ನಾಗಿ ಹೊಸಕಿ ಮೆತ್ತಗೆ ಮಾಡಿ ಹಾಸಬೇಕು. ಯಾವುದೇ ಹುಲ್ಲಾದರೂ ಮುಷ್ಟಿಯಷ್ಟು ಹಿಡಿದು ಮೂಸಿ ನೋಡಿ. ಬೂಷ್ಟಿನ ವಾಸನೆ ಬಂದರೆ, ಅಥವಾ ಕೊಡವಿದಾಗ ಬೂದಿಯಂತೆ ಧೂಳು ಎದ್ದರೆ ಅದು ಮೊಲಕ್ಕೆ ಬೇಡ; ಬೂಷ್ಟು ಹಿಡಿದ ಹುಲ್ಲು ಶ್ವಾಸಕ್ಕೂ ಕೆಟ್ಟದು, ಹೊಟ್ಟೆಗೂ ಕೆಟ್ಟದು. ಮಳೆ ಮುಗಿಯುವವರೆಗೆ ಬೇಕಾಗುವಷ್ಟು ಹುಲ್ಲನ್ನು ಅಡಿಗೆಮನೆ ಒಲೆಯ ಅಥವಾ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಇಟ್ಟುಕೊಂಡರೆ ಬಿಸಿಗೆ ಗರಿಗರಿಯಾಗಿ ಉಳಿಯುತ್ತದೆ. ಹುಲ್ಲನ್ನು ಅಟ್ಟದಲ್ಲಿ ಇಡಿ, ಮೊಲವನ್ನು ಮಾತ್ರ ಹೊಗೆ ಬರುವಲ್ಲಿ ಇಡಬೇಡಿ.

ದರಗಿನ ವಿಷಯದಲ್ಲಿ ನನ್ನ ಮಾತು ಕಟ್ಟುನಿಟ್ಟಾಗಿರುತ್ತದೆ. ಕಾಡಿನಿಂದ ಗುಡಿಸಿ ತಂದ ಒಣ ಎಲೆಗಳ ಜೊತೆ ರಕ್ತ ಹೀರುವ ಉಣುಗು ಮನೆಯೊಳಗೆ ಬರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಮನುಷ್ಯರಿಗೆ ಹರಡುವುದು ಈ ಉಣುಗುಗಳೇ. ಮಳೆಗಾಲ ಕಳೆದು ಬೇಸಿಗೆಯವರೆಗಿನ ತಿಂಗಳುಗಳಲ್ಲಿ ಅವುಗಳ ಮರಿಗಳು ದರಗಿನಲ್ಲಿ ತುಂಬಿರುತ್ತವೆ. ಮೊಲದ ಹಾಸಿಗೆಗಾಗಿ ಮನೆಮಂದಿಯನ್ನು ಆ ಅಪಾಯಕ್ಕೆ ಒಡ್ಡುವುದು ಸರಿಯಲ್ಲ. ಮೊಲದ ಮೈಮೇಲೆ ಉಣುಗು ಕಂಡರೂ ನಾಯಿಗೆ ಹಾಕುವ ಫಿಪ್ರೊನಿಲ್ ಔಷಧಿಯನ್ನು ಅದಕ್ಕೆ ಹಾಕಲೇಬಾರದು, ಮೊಲಕ್ಕೆ ಅದು ವಿಷ.

ಅಡಿಕೆ ಹಾಳೆ ಒಣಗಿದಾಗ ಗಟ್ಟಿ, ಒದ್ದೆಯಾದಾಗ ಜಾರು; ಮೂತ್ರವನ್ನು ಹೀರುವುದೂ ಇಲ್ಲ. ಗೋಣಿಚೀಲವನ್ನು ಹುಲ್ಲಿನ ಕೆಳಗಿನ ಪದರವಾಗಿ ಬಳಸಬಹುದು, ಬರಿದೇ ಹಾಸಿದರೆ ಅದರ ಒರಟು ನೂಲು ಅಂಗಾಲಿನ ಕೂದಲನ್ನು ಸವೆಸುತ್ತದೆ, ಸಡಿಲ ಎಳೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ಸಾಮಿಲ್ಲಿನ ಹೊಟ್ಟು ಒದ್ದೆಯಾಗಿ ಗಾಯಕ್ಕೆ ಮೆತ್ತಿಕೊಳ್ಳುತ್ತದೆ, ಒಣಗಿದ್ದರೆ ಧೂಳು ಮೂಗಿಗೆ ಹೋಗುತ್ತದೆ. ಮೂತ್ರ ಮಾಡುವ ಮೂಲೆಯ ತಟ್ಟೆಗೆ ಹಳೆಯ ದಿನಪತ್ರಿಕೆಯನ್ನು ಚೂರು ಮಾಡಿ ಹಾಕಿ ಮೇಲೆ ಹುಲ್ಲು ಹರಡುವುದು ಇದಕ್ಕಿಂತ ವಾಸಿ. ಮೊಲಗಳು ಸಾಮಾನ್ಯವಾಗಿ ಒಂದೇ ಮೂಲೆಯನ್ನು ಮೂತ್ರಕ್ಕೆ ಆರಿಸಿಕೊಳ್ಳುತ್ತವೆ, ಆ ಮೂಲೆ ಯಾವುದೆಂದು ಎರಡು ದಿನ ನೋಡಿ ತಟ್ಟೆಯನ್ನು ಅಲ್ಲಿಯೇ ಇಟ್ಟರೆ ಉಳಿದ ಹಾಸು ಒಣಗಿರುತ್ತದೆ.

ದಬ್ಬೆಯ ಗೂಡು ನೋಡಲು ಚೆಂದ, ಗಾಳಿಯೂ ಆಡುತ್ತದೆ. ಆದರೆ ದಬ್ಬೆಯ ಅಂಚಿನ ಸಿಬಿರು ಪಾದಕ್ಕೆ ಚುಚ್ಚಿಕೊಂಡು ಕೀವಾಗುವುದುಂಟು, ಸಂದಿನಲ್ಲಿ ಬೆರಳು ಸಿಕ್ಕಿ ಮುರಿಯುವುದೂ ಉಂಟು. ತಳದ ದಬ್ಬೆಗಳನ್ನು ಚೆನ್ನಾಗಿ ಹೆರೆದು ನುಣುಪು ಮಾಡಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಹುಲ್ಲು ಎಂಬ ಕ್ರಮವಿರಲಿ. ಒದ್ದೆಯಾದ ಹುಲ್ಲನ್ನು ದಿನವೂ ಬೆಳಿಗ್ಗೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ. ಗೂಡು ತೊಳೆಯಲು ಫಿನಾಯಿಲ್ ಬೇಡ. ಮೂತ್ರದ ಬಿಳಿ ಕಲೆಗೆ ವಿನೆಗರ್ ಹಾಕಿ ಉಜ್ಜಿ, ನೀರಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಮೊಲವನ್ನು ಒಳಗೆ ಬಿಡಿ. ಮಳೆಯಲ್ಲಿ ಅದು ಒಂದೇ ದಿನದಲ್ಲಿ ಒಣಗುವುದಿಲ್ಲವಾದ್ದರಿಂದ ಎರಡು ಹಲಗೆ ಇಟ್ಟುಕೊಂಡು ಸರದಿಯಲ್ಲಿ ಬಳಸುವುದು ಅನುಕೂಲ.

ಪ್ರಶ್ನೆ: ನಮ್ಮ ಮೊಲದ ಹಿಮ್ಮಡಿ ಊದಿ ಗಂಟಾಗಿದೆ. ಒತ್ತಿದರೂ ಕೀವು ಬರುತ್ತಿಲ್ಲ. ನಿನ್ನೆ ಸಂಜೆಯಿಂದ ಹುಲ್ಲು ಮುಟ್ಟಿಲ್ಲ. ಮನೆಯಲ್ಲಿ ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಇದೆ, ಎಷ್ಟು ಕೊಡಬಹುದು?
– ಓದುಗರು, ಕೊಪ್ಪ

ಉತ್ತರ: ಒಂದು ಹನಿಯನ್ನೂ ಕೊಡಬೇಡಿ. ಈ ಪತ್ರ ಬಂದ ದಿನವೇ ಇವರಿಗೆ ಉತ್ತರ ಕಳಿಸಿದ್ದೇನೆ; ಇತರರಿಗೂ ತಿಳಿದಿರಬೇಕೆಂದು ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಮೊಲ ತಿಂದ ನಾರು ಜೀರ್ಣವಾಗುವುದು ಅದರ ದೊಡ್ಡ ಸೀಕಮ್ ಎಂಬ ಕರುಳಿನ ಭಾಗದಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳಿಂದ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್‌ಗಳನ್ನು ಬಾಯಿಯಿಂದ ಕೊಟ್ಟಾಗ ಆ ಉಪಕಾರಿಗಳು ಸತ್ತು, ವಿಷ ಉಂಟುಮಾಡುವ ಬ್ಯಾಕ್ಟೀರಿಯಾಗಳು ಬೆಳೆದು, ಭೇದಿ ಹತ್ತಿ ಮೊಲ ಸಾಯುತ್ತದೆ. ಕಾಲಿನ ಹುಣ್ಣಿಗಿಂತ ಈ ಔಷಧಿಯೇ ಬೇಗ ಪ್ರಾಣ ತೆಗೆಯುತ್ತದೆ. ಮೊಲಕ್ಕೆ ಕೊಡಬಹುದಾದ ಆಂಟಿಬಯೋಟಿಕ್‌ಗಳು ಬೇರೆ ಇವೆ, ಯಾವುದು ಮತ್ತು ಎಷ್ಟು ಎಂಬುದು ವೈದ್ಯರು ತೂಕ ನೋಡಿ ಹೇಳಬೇಕಾದದ್ದು.

ಒತ್ತಿದರೂ ಕೀವು ಬಾರದಿರುವುದಕ್ಕೆ ಕಾರಣ, ಮೊಲದ ಕೀವು ಟೂತ್‌ಪೇಸ್ಟ್‌ನಷ್ಟು ಗಟ್ಟಿಯಾಗಿರುವುದು. ಅದು ತಾನಾಗಿ ಸೋರಿ ಹೋಗುವುದಿಲ್ಲ, ವೈದ್ಯರು ಕೊಯ್ದು ಶುದ್ಧ ಮಾಡಬೇಕು. ಒತ್ತಿದರೆ ನಂಜು ಇನ್ನೂ ಒಳಕ್ಕೆ ಇಳಿಯುತ್ತದೆ. ಈ ಹಂತದಲ್ಲಿ ಎಕ್ಸ್-ರೇ ತೆಗೆಸುವುದು ಅಗತ್ಯ; ನಂಜು ಮೂಳೆಗೆ ತಲುಪಿದೆಯೇ ಎಂಬುದರ ಮೇಲೆ ಮುಂದಿನ ಚಿಕಿತ್ಸೆ ನಿಂತಿದೆ. ಹಿಮ್ಮಡಿಯ ಮೂಳೆಯ ಮೇಲೆ ಹಾದುಹೋಗುವ ಟೆಂಡನ್ (ಸ್ನಾಯುವನ್ನು ಮೂಳೆಗೆ ಸೇರಿಸುವ ಹುರಿ) ನಂಜಿನಿಂದ ತನ್ನ ಜಾಗ ಬಿಟ್ಟು ಜಾರಿದರೆ ಮೊಲ ಮತ್ತೆಂದೂ ಬೆರಳೂರಿ ನಡೆಯಲಾರದು.

ಎಲ್ಲಕ್ಕಿಂತ ತುರ್ತಿನದು ಹುಲ್ಲು ಮುಟ್ಟದಿರುವುದು. ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದೆ ಇರುವ ಮೊಲವನ್ನು ಮರುದಿನಕ್ಕೆಂದು ಕಾಯಿಸಬಾರದು, ಅದರ ಕರುಳಿನ ಚಲನೆ ನಿಂತುಹೋಗುತ್ತಿದೆ. ನೋವಿದ್ದರೂ ತೋರಿಸದೆ ಸುಮ್ಮನೆ ಕುಳಿತಿರುವುದು ಈ ಪ್ರಾಣಿಯ ಸ್ವಭಾವ. ಹಲ್ಲು ಕಡಿಯುವುದು, ಕಾಲನ್ನು ಮತ್ತೆ ಮತ್ತೆ ಬದಲಿಸಿ ಊರುವುದು, ಮೂಲೆ ಬಿಟ್ಟು ಬಾರದಿರುವುದು, ಹಿಕ್ಕೆ ಚಿಕ್ಕದಾಗುವುದು ಇವಿಷ್ಟೇ ಅದು ಕೊಡುವ ಸೂಚನೆಗಳು. ಮಳೆಗಾಲದಲ್ಲಿ ಗಾಯದ ವಾಸನೆಗೆ ನೊಣ ಬಂದು ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳುವಾಗಬಹುದಾದ್ದರಿಂದ ಕಾಲಿನ ಜೊತೆಗೆ ಬಾಲದ ಬುಡವನ್ನೂ ಎರಡು ಹೊತ್ತು ನೋಡಿ.

ಪ್ರಶ್ನೆ: ಕೊಳೆಯಾದ ಕಾಲು ಶುಭ್ರವಾಗಲೆಂದು ಮೊಲಕ್ಕೆ ವಾರಕ್ಕೊಮ್ಮೆ ಸ್ನಾನ ಮಾಡಿಸುತ್ತಿದ್ದೇವೆ. ಸರಿಯೇ?
– ಓದುಗರು, ಸಾಗರ

ಉತ್ತರ: ಸರಿಯಲ್ಲ. ಆ ದಟ್ಟ ತುಪ್ಪಳ ಬುಡದವರೆಗೆ ಒಣಗಲು ಬಹಳ ಹೊತ್ತು ಹಿಡಿಯುತ್ತದೆ, ಭಯಕ್ಕೆ ಮತ್ತು ಚಳಿಗೆ ಮೊಲ ಸತ್ತೇಹೋಗಬಹುದು. ಕೊಳೆಯಾದ ಪಾದವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ವಾರವಾರವೂ ಕಾಲು ಕೊಳೆಯಾಗುತ್ತಿದ್ದರೆ ತೊಳೆಯಬೇಕಾದದ್ದು ಗೂಡನ್ನು.

ಪ್ರಶ್ನೆ: ಚಿಕಿತ್ಸೆ ಆರಂಭಿಸಿದ್ದೇವೆ, ಹಾಸನ್ನೂ ಬದಲಿಸಿದ್ದೇವೆ. ಎಷ್ಟು ದಿನದಲ್ಲಿ ಗುಣವಾಗುತ್ತದೆ? ಕೂದಲು ಮತ್ತೆ ಬರುತ್ತದೆಯೇ? ತೂಕ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ, ಆಹಾರ ಕಡಿಮೆ ಮಾಡಿದರೆ ಸಾಕೇ?
– ಓದುಗರು, ಶೃಂಗೇರಿ

ಉತ್ತರ: ಚರ್ಮ ಒಡೆಯದೆ ಕೆಂಪಾಗಿದ್ದಷ್ಟೇ ಆದರೆ ಕೆಲವು ವಾರಗಳಲ್ಲಿ ಬಣ್ಣ ಇಳಿಯುತ್ತದೆ. ಚರ್ಮ ಒಡೆದಿದ್ದರೆ ತಿಂಗಳುಗಳ ಲೆಕ್ಕ ಹಾಕಿಕೊಳ್ಳಿ. ಹಕ್ಕಳೆಯ ಅಂಚಿನಿಂದ ಹೊಸ ಗುಲಾಬಿ ಚರ್ಮ ಒಳಮುಖವಾಗಿ ಹಬ್ಬುತ್ತಿದ್ದರೆ, ವಾಸನೆಯಿಲ್ಲದಿದ್ದರೆ, ಮೊಲ ಮೊದಲಿನಂತೆ ಮೇಯುತ್ತಿದ್ದರೆ ದಾರಿ ಸರಿಯಿದೆ. ಆಳವಾಗಿ ಹುಣ್ಣಾದ ಜಾಗದಲ್ಲಿ ಕೂದಲು ಮತ್ತೆ ಬಾರದೇ ಇರಬಹುದು. ಹಾಗಾದಾಗ ಮೆದು ಹಾಸು ಆ ಮೊಲಕ್ಕೆ ಜೀವನಪೂರ್ತಿ ಬೇಕಾಗುತ್ತದೆ, ಗಾಯ ಮಾಯಿತೆಂದು ಹಳೆಯ ಪಂಜರಕ್ಕೆ ಮರಳಿಸಿದರೆ ಹುಣ್ಣೂ ಮರಳುತ್ತದೆ.

ತೂಕ ಇಳಿಸಲು ಉಪವಾಸ ಹಾಕಬೇಡಿ. ಅನ್ನ, ಬಿಸ್ಕತ್ತು, ಬ್ರೆಡ್ಡು, ಬಾಳೆಹಣ್ಣುಗಳನ್ನು ಪೂರ್ತಿ ನಿಲ್ಲಿಸಿ. ಅಂಗಡಿಯ ಗುಳಿಗೆ ಆಹಾರವನ್ನು ವೈದ್ಯರು ಹೇಳಿದಷ್ಟಕ್ಕೆ ಇಳಿಸಿ. ಗರಿಕೆ ಮತ್ತು ಒಣ ಹುಲ್ಲು ಮಾತ್ರ ಹಗಲು ರಾತ್ರಿ ಮುಂದಿರಲಿ, ಅದಕ್ಕೆ ಮಿತಿ ಬೇಡ. ಮಳೆಯಲ್ಲಿ ಕೊಯ್ದ ಹಸಿ ಹುಲ್ಲನ್ನು ರಾಶಿ ಹಾಕಿ ಬಿಸಿಯೇಳಲು ಬಿಡದೆ ಕೂಡಲೇ ಹರಡಿ. ಪಕ್ಕೆಯ ಮೇಲೆ ಹಗುರವಾಗಿ ಕೈಯಾಡಿಸಿದಾಗ ಎಲುಬುಗಳು ಬೆರಳಿಗೆ ಸಿಗುವಂತಿದ್ದರೆ ತೂಕ ಹದವಾಗಿದೆ ಎಂದು ತಿಳಿಯಬಹುದು. ಹುಣ್ಣು ಮಾಯುತ್ತಿರುವಾಗಲೂ ದಿನಕ್ಕೆ ಕೆಲವು ಗಂಟೆ ಮೆದು ಹಾಸಿನ ಮೇಲೆ ಓಡಾಡಲು ಬಿಡಿ, ಓಡಾಟ ಕಾಲಿಗೆ ರಕ್ತ ಹರಿಸುತ್ತದೆ. ಮಳೆ ಬಿಟ್ಟು ಅಂಗಳ ಪೂರ್ತಿ ಒಣಗಿದ ಮೇಲೆ, ಚರ್ಮವೂ ಮುಚ್ಚಿಕೊಂಡಿದ್ದರೆ, ನಾಯಿ ಬೆಕ್ಕುಗಳಿಲ್ಲದ ಹೊತ್ತು ನೋಡಿ ನೀವು ಪಕ್ಕದಲ್ಲಿದ್ದು ಹುಲ್ಲಿನ ಮೇಲೆ ಬಿಡಬಹುದು.